ನಮ್ಮ ಖಬರ್‌ಗಳ ಪಟ್ಟಿ ನಮ್ಮ ಮನೆಯಲ್ಲಿರಲಿ

ಗೆಳೆಯರೇ, ಒಂದು ಪ್ರಶ್ನೆ. ನಿಮ್ಮ ತಂದೆಯ ತಂದೆಯ ತಂದೆಯನ್ನು ಎಲ್ಲಿ ದಫನ್ ಮಾಡಿದ್ದಾರೆ? ಊರಿನ ಹೆಸರು ಬೇಡ, ಜಾಗ ಹೇಳಿ. ಅಲ್ಲಿಗೆ ಹೋಗಿ "ಇದೇ" ಎಂದು ಕೈ ತೋರಿಸಬಲ್ಲಿರಾ? ಅವರ ಹೆಂಡತಿಯ ಹೆಸರು ನಿಮಗೆ ಗೊತ್ತೇ?

ಈ ಪ್ರಶ್ನೆಯನ್ನು ನಮ್ಮ ತರಗತಿಯಲ್ಲಿ ಕೇಳಿದಾಗ ಕೆಲವರಷ್ಟೇ ಕೈ ಎತ್ತಿದರು. ಹೆಂಡತಿಯ ಹೆಸರು ಕೇಳಿದಾಗ ಎತ್ತಿದ ಕೈಗಳಲ್ಲೂ ಹಲವು ಕೆಳಗಿಳಿದವು. ನಾನು ಬೇರೆಯವರನ್ನು ತಮಾಷೆ ಮಾಡಲು ಇದನ್ನು ಹೇಳುತ್ತಿಲ್ಲ. ಒಂದು ವರ್ಷದ ಹಿಂದೆ ನನ್ನ ಕೈಯೂ ಮೇಲೇಳುತ್ತಿರಲಿಲ್ಲ.

ಕಳೆದ ಮಳೆಗಾಲದಲ್ಲಿ ನಮ್ಮ ದಾದಿ ಬಚ್ಚಲಿನಲ್ಲಿ ಜಾರಿ ಬಿದ್ದರು. ಸೊಂಟದ ಮೂಳೆ ಮುರಿದು ಎರಡು ತಿಂಗಳು ಹಾಸಿಗೆ ಹಿಡಿದರು. ಕಾಲೇಜಿನಿಂದ ಬಂದ ಮೇಲೆ ಅವರ ಪಕ್ಕ ಕೂರುವುದು ನನ್ನ ಕೆಲಸ. ಒಂದು ಸಂಜೆ ಅವರು, "ಬೇಟಿ, ನಿನ್ನ ಪರದಾದಾ ಎಲ್ಲಿ ಮಲಗಿದ್ದಾರೆ ಅಂತ ಈಗ ನನಗೊಬ್ಬಳಿಗೇ ಗೊತ್ತಿರೋದು. ನಾನೂ ಹೋದ ಮೇಲೆ ಅವರು ಕಾಡೇ ಆಗಿಬಿಡ್ತಾರೆ" ಎಂದರು. ದಾದಿ ಅಳಲಿಲ್ಲ. ಅಂಗಡಿಯ ಬಾಕಿ ನೆನಪಿಸುವ ಹಾಗೆ ಹೇಳಿದರು, ಅಷ್ಟೆ. ನಾನು ಕಾಮರ್ಸ್ ವಿದ್ಯಾರ್ಥಿನಿ. ಬಾಕಿ ಎಂದರೆ ತೀರಿಸಬೇಕು ಅಥವಾ ಪುಸ್ತಕದಲ್ಲಾದರೂ ಬರೆಯಬೇಕು ಎಂದು ಕಲಿತವಳು. ಹಾಗಾಗಿ ಹುಡುಕಲು ಶುರುಮಾಡಿದೆ.

ನಮ್ಮ ಪರದಾದಾ ಗೋಣಿಬೀಡು ಕಡೆಯ ಒಂದು ಕಾಫಿ ತೋಟದಲ್ಲಿ ಎತ್ತಿನ ಗಾಡಿ ಹೊಡೆಯುತ್ತಿದ್ದರು. ತೋಟದ ಲೈನ್ ಮನೆಯಲ್ಲೇ ಸಂಸಾರ. ಕಾಫಿ ಕಾಯ್ದೆ ಬಂದದ್ದು 1942ರಲ್ಲಿ. ಆ ಮೇಲೆ ಹಲವು ದಶಕಗಳ ಕಾಲ ಬೆಳೆಗಾರರು ಬೆಳೆದ ಕಾಫಿಯನ್ನು ಕಾಫಿ ಬೋರ್ಡಿನ ಪೂಲ್‌ಗೆ ಕೊಡಬೇಕಿತ್ತು. ಪ್ರತಿ ಮೂಟೆಯನ್ನೂ ತೂಗಿ, ಯಾರ ತೋಟದ್ದು, ಎಷ್ಟು ಎಂದು ಬರೆದುಕೊಳ್ಳುತ್ತಿದ್ದರು. ಪರದಾದಾ ಹೇರಿದ ಮೂಟೆಗಳ ಲೆಕ್ಕ ಹಾಗೆ ಎಲ್ಲೋ ಒಂದು ಪುಸ್ತಕ ಸೇರಿರುತ್ತದೆ. ಮೂಟೆ ಹೇರಿದವರ ಹೆಸರು ಮಾತ್ರ ನನಗೆ ಯಾವ ಪುಸ್ತಕದಲ್ಲೂ ಸಿಗಲಿಲ್ಲ.

ಮೊದಲು ಕಾಗದಗಳನ್ನು ಹುಡುಕಿದೆ. ಮನೆಯ ಟ್ರಂಕಿನಲ್ಲಿ ಸಿಕ್ಕಿದ್ದು ದಾದಾ-ದಾದಿಯ ನಿಕಾಹ್‌ನಾಮಾ ಒಂದೇ. ಅದರಲ್ಲಿ 1969ರ ಮಾರ್ಚ್ ತಿಂಗಳ ತಾರೀಕಿದೆ. ದಾದಿ ಹೇಳುವ ಪ್ರಕಾರ ಅವರು ಸೊಸೆಯಾಗಿ ಬಂದ ಎರಡನೇ ಮಳೆಗಾಲದಲ್ಲಿ ಮಾವ ತೀರಿಕೊಂಡರು. ಅಲ್ಲಿಗೆ 1970ರ ಮಳೆಗಾಲ. ಸಾವಿನ ವರ್ಷ ನಮಗೆ ಸಿಕ್ಕಿದ್ದು ಒಂದು ಮದುವೆಯ ಕಾಗದದಿಂದ.

ಮರಣ ಪ್ರಮಾಣಪತ್ರ ಇದ್ದರೆ ಎಲ್ಲ ಸುಲಭ ಎಂದುಕೊಂಡಿದ್ದೆ. ಜನನ ಮರಣ ನೋಂದಣಿ ಕಾಯ್ದೆ ಆದದ್ದು 1969ರಲ್ಲಿ. ಮರುವರ್ಷವೇ ಮಳೆಯಲ್ಲಿ ಲೈನ್ ಮನೆಯಲ್ಲಿ ಸತ್ತ ಗಾಡಿಯವನ ಹೆಸರನ್ನು ನಮ್ಮ ಮನೆಯವರು ಯಾರೂ ಹೋಗಿ ಬರೆಸಲಿಲ್ಲ. ಬರೆಸಿದ್ದರೂ ನನ್ನ ಪ್ರಶ್ನೆಗೆ ಉತ್ತರ ಸಿಗುತ್ತಿರಲಿಲ್ಲ. ಈಗಿನ ಮರಣ ಪ್ರಮಾಣಪತ್ರವನ್ನೇ ತೆಗೆದು ನೋಡಿ. ಹೆಸರು, ತಂದೆ-ತಾಯಿಯ ಹೆಸರು, ಸತ್ತ ದಿನಾಂಕ, ಸತ್ತ ಸ್ಥಳ ಎಲ್ಲ ಇರುತ್ತದೆ. ದಫನ್ ಆದ ಸ್ಥಳಕ್ಕೆ ಅಲ್ಲಿ ಕಾಲಂ ಇಲ್ಲ.

ಆಮೇಲೆ ಪಹಣಿ ನೋಡಿದೆ. 'ಭೂಮಿ' ಯೋಜನೆಯಿಂದಾಗಿ ಸರ್ವೆ ನಂಬರ್ ಗೊತ್ತಿದ್ದರೆ ಯಾರು ಬೇಕಾದರೂ ಮೊಬೈಲಿನಲ್ಲೇ ಪಹಣಿ ನೋಡಬಹುದು. ಅದರಲ್ಲಿ 'ಖರಾಬು' ಎಂಬ ಪದ ಬರುತ್ತದೆ. 1966ರ ಕರ್ನಾಟಕ ಭೂಕಂದಾಯ ನಿಯಮಗಳ ಪ್ರಕಾರ ಇದರಲ್ಲಿ ಎರಡು ಬಗೆ. ಬಂಡೆ, ಕಣ, ತೋಟದ ಕಟ್ಟಡದಂಥ ಸಾಗುವಳಿಗೆ ಬಾರದ ಜಾಗ 'ಅ' ಖರಾಬು. ರಸ್ತೆ, ಕಾಲುದಾರಿ, ಊರಿನವರು ಬಳಸುವ ಕೆರೆ-ಹಳ್ಳ ಮತ್ತು ಸ್ಮಶಾನ 'ಬ' ಖರಾಬು. ಊರಿನ ಖಬರಸ್ತಾನವನ್ನು ಸರ್ವೆಯವರು ಅಳೆದು ಬರೆದಿದ್ದರೆ ದಾಖಲೆಯಲ್ಲಿ ಕಾಣುತ್ತದೆ. ಆದರೆ ಒಬ್ಬರ ತೋಟದ ಮೂಲೆಯಲ್ಲಿ, ಆಗಿನ ಯಜಮಾನರು ಬಾಯಿಮಾತಿನಲ್ಲಿ ಬಿಟ್ಟುಕೊಟ್ಟ ಜಾಗದಲ್ಲಿ ಒಂದು ಕುಟುಂಬದ ನಾಲ್ಕಾರು ಜನ ಮಲಗಿದ್ದರೆ ಅದು ಕಾಣುವುದಿಲ್ಲ. ಪಹಣಿಯಲ್ಲಿ ಅದು ಬರೀ ಕಾಫಿ.

ಜಮಾಅತ್‌ನ ಖಬರಸ್ತಾನ ಬಿಟ್ಟು ತೋಟದಲ್ಲೇ ಯಾಕೆ ದಫನ್ ಮಾಡಿದರು ಎಂದು ನೀವು ಕೇಳಬಹುದು. ಕಾರಣ ನಮ್ಮ ಮಲೆನಾಡಿನ ಮಳೆ. ಹಳ್ಳ ತುಂಬಿದರೆ ಆಗ ದಾಟಲು ಸೇತುವೆ ಇರಲಿಲ್ಲ, ಜನಾಜಾ ಹೊತ್ತು ಅಷ್ಟು ದೂರ ನಡೆಯಲು ಗಂಡಸರೂ ಸಾಲುತ್ತಿರಲಿಲ್ಲ. ಇದು ನಮ್ಮವರಿಗೆ ಮಾತ್ರ ಇದ್ದ ಪದ್ಧತಿಯೂ ಅಲ್ಲ. ನಮ್ಮ ಕಡೆ ಬೇರೆ ಸಮುದಾಯದ ಮನೆಗಳಲ್ಲೂ ಹಿರಿಯರನ್ನು ಸ್ವಂತ ತೋಟದಲ್ಲೇ ಮಣ್ಣು ಮಾಡಿದ್ದುಂಟು. ವ್ಯತ್ಯಾಸ ಇಷ್ಟೇ. ತೋಟ ಅವರದ್ದು, ಮೊಮ್ಮಕ್ಕಳು ದಿನಾ ಅದೇ ದಾರಿಯಲ್ಲಿ ಓಡಾಡುತ್ತಾರೆ. ನಮ್ಮವರು ಕೂಲಿಗೆ ಬಂದವರು. ಕೆಲಸ ಬಿಟ್ಟು ಪೇಟೆ ಸೇರಿದ ದಿನ ಖಬರ್ ಕೂಡ ಕೈತಪ್ಪಿತು.

ಹೀಗಾಗಿ ಉಳಿದದ್ದು ದಾದಿಯ ನೆನಪೊಂದೇ. ಅದೂ ಪೂರ್ತಿ ನೆನಪಲ್ಲ. ಹೆಂಗಸರು ಜನಾಜಾದ ಜೊತೆ ಹೋಗುವುದಿಲ್ಲವಲ್ಲ, ದಾದಿ ಆ ಜಾಗಕ್ಕೆ ಒಮ್ಮೆಯೂ ಹೋಗಿಲ್ಲ. ಅವರು ಅಂದು ಅಡುಗೆಮನೆಯ ಹಿಂಬಾಗಿಲಲ್ಲಿ ನಿಂತು ನೋಡಿದ್ದರು. ಲಾಟೀನು ಕಣ ದಾಟಿ, ಅತ್ತಿಮರದ ಬಲಕ್ಕೆ ಹೋಗಿ, ಸ್ವಲ್ಪ ಮೇಲೆ ಹತ್ತಿ ನಿಂತಿತು. ಅನ್ನ ಬೇಯುವಷ್ಟು ಹೊತ್ತಾದ ಮೇಲೆ ಲಾಟೀನು ವಾಪಸ್ ಬಂತು. ಐವತ್ತೈದು ವರ್ಷಗಳ ನಂತರ ನಮ್ಮ ಕೈಯಲ್ಲಿದ್ದ ನಕ್ಷೆ ಇದು.

ಅಬ್ಬಾಗೆ ಹೇಳಿದೆ. ಅವರು ಒಪ್ಪಲಿಲ್ಲ. ಅವರಿಗೆ ಎರಡು ಕಾರಣಗಳಿದ್ದವು. ಎರಡೂ ಸಣ್ಣ ಕಾರಣಗಳಲ್ಲ, ಆದ್ದರಿಂದ ಇಲ್ಲಿ ಬರೆಯುತ್ತೇನೆ.

ಮೊದಲನೆಯದು: "ದುಆಗೆ ವಿಳಾಸ ಬೇಕಾಗಿಲ್ಲ. ಅಲ್ಲಾಹನಿಗೆ ಗೊತ್ತು ಯಾರು ಎಲ್ಲಿದ್ದಾರೆ ಅಂತ. ನೀನು ಇಲ್ಲೇ ಕೂತು ಕೇಳು."

ಎರಡನೆಯದನ್ನು ಅಬ್ಬಾ ಸ್ವಲ್ಪ ಹೊತ್ತು ಬಿಟ್ಟು ಹೇಳಿದರು. 2024ರ ಕೊನೆಯಲ್ಲಿ ವಿಜಯಪುರ ಜಿಲ್ಲೆಯ ರೈತರಿಗೆ ವಕ್ಫ್ ಜಮೀನಿನ ವಿಷಯದಲ್ಲಿ ನೋಟಿಸ್ ಹೋಗಿ, ರಾಜ್ಯವೆಲ್ಲ ಗಲಾಟೆಯಾಗಿ, ಕೊನೆಗೆ ಸರ್ಕಾರವೇ ನೋಟಿಸ್ ವಾಪಸ್ ಪಡೆಯುವಂತೆ ಹೇಳಿದ್ದು ನಿಮಗೆ ನೆನಪಿರಬಹುದು. "ಇಂಥ ಕಾಲದಲ್ಲಿ ನಾನು ಟೋಪಿ ಹಾಕಿಕೊಂಡು ಇನ್ನೊಬ್ಬರ ತೋಟದ ಗೇಟಿನಲ್ಲಿ ನಿಂತು 'ಇಲ್ಲಿ ನಮ್ಮ ಗೋರಿ ಇದೆ' ಅಂದರೆ ಅವರು ಏನೆಂದುಕೊಳ್ಳುತ್ತಾರೆ?" ಎಂದರು ಅಬ್ಬಾ. ನನ್ನ ಬಳಿ ಉತ್ತರ ಇರಲಿಲ್ಲ. ನಮ್ಮ ತಂದೆ ತಮ್ಮ ಅಜ್ಜನ ಖಬರ್ ಹುಡುಕಲು ಹೆದರಬೇಕಾಯಿತಲ್ಲ ಎಂದು ಬೇಜಾರಾಯಿತು. ಆದರೆ ಆ ಭಯ ಸುಳ್ಳಾಗಿರಲಿಲ್ಲ.

ದಾದಿ ವಾಕರ್ ಹಿಡಿದು ಮೊದಲ ಸಲ ಅಂಗಳಕ್ಕೆ ಬಂದ ದಿನ ಅಬ್ಬಾ ತಾವಾಗಿಯೇ "ನಡಿ, ಹೋಗಿ ಬರೋಣ" ಎಂದರು. ಡಿಸೆಂಬರ್‌ನ ಒಂದು ಭಾನುವಾರ ಅಬ್ಬಾ, ಚಾಚಾ, ನಾನು ಮೂವರೂ ಹೋದೆವು. ಗೇಟಿನಲ್ಲಿ ಅಬ್ಬಾ ಮೊದಲು ಹೇಳಿದ್ದೇ, "ನಾವು ಜಾಗ ಕೇಳೋಕೆ ಬಂದಿಲ್ಲ, ನಮ್ಮಜ್ಜ ಎಲ್ಲಿದ್ದಾರೆ ಅಂತ ಕೇಳೋಕೆ ಬಂದಿದ್ದೀವಿ" ಎಂದು.

ತೋಟ ಎರಡು ಕೈ ಬದಲಾಗಿತ್ತು. ಈಗಿನ ಯಜಮಾನರು ಒಳಗೆ ಕರೆದು, "ಕೂತ್ಕೊಳ್ಳಿ ಸಾಬ್ರೇ" ಎಂದು ಕಾಫಿ ಕೊಟ್ಟರು. ಅವರಿಗೆ ವಿಷಯ ಗೊತ್ತಿರಲಿಲ್ಲ. ಲೈನ್ ಮನೆ ಬಿದ್ದು ಹೋಗಿ ಆ ಜಾಗದಲ್ಲಿ ಗಿಡಗಳಾಗಿವೆ. ಅತ್ತಿಮರ ಇಲ್ಲ. ಕಣ ಮಾತ್ರ ಅಲ್ಲೇ ಇದೆ, ಹಣ್ಣು ಒಣಗಲು ಹರವಿದ್ದರು. ಹಿಂಬಾಗಿಲು ಯಾವ ದಿಕ್ಕಿಗಿತ್ತು ಎಂದೇ ತಿಳಿಯದೆ ನಾವು ನಿಂತಿದ್ದೆವು. ಅಷ್ಟರಲ್ಲಿ ಯಜಮಾನರು ತೋಟದ ರೈಟರನ್ನು ಕರೆದು, "ನಮ್ಮಲ್ಲಿ ಗೋರಿ ಅಂತ ಏನಾದ್ರೂ ಇದ್ಯೇನ್ರೀ?" ಎಂದು ಕೇಳಿದರು.

ರೈಟರ್ ನಕ್ಕು, "ಗೋರಿ ಬ್ಲಾಕ್ ಇದ್ಯಲ್ಲ ಸಾರ್" ಎಂದರು.

ನಾನು ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಈ ಲೇಖನ ಬರೆಯಲು ಕಾರಣವೇ ಈ ಮಾತು. ತೋಟವನ್ನು ಕೆಲಸದ ಅನುಕೂಲಕ್ಕಾಗಿ ಭಾಗ ಮಾಡಿ ಒಂದೊಂದಕ್ಕೂ ಒಂದು ಹೆಸರಿಟ್ಟಿರುತ್ತಾರೆ. ಹಾಜರಿ ಪುಸ್ತಕದಲ್ಲಿ ಯಾವ ದಿನ, ಯಾವ ಬ್ಲಾಕ್, ಯಾವ ಕೆಲಸ, ಎಷ್ಟು ಆಳು ಎಂದು ಬರೆಯುತ್ತಾರೆ. ರೈಟರ್ ಒಂದು ಹಳೆಯ ಪುಸ್ತಕ ತೆಗೆದು ತೋರಿಸಿದರು. "ಗೋರಿ ಬ್ಲಾಕ್, ಮರಗಸಿ, ಆಳು 9." ಇನ್ನೊಂದು ಪುಟದಲ್ಲಿ "ಗೋರಿ ಬ್ಲಾಕ್, ಕಳೆ, ಆಳು 14." ಸರ್ಕಾರದ ದಾಖಲೆಯಲ್ಲಿ ಸಿಗದ, ನಮ್ಮ ಮನೆಯ ಟ್ರಂಕಿನಲ್ಲೂ ಇಲ್ಲದ ನಮ್ಮ ಪರದಾದಾ ಖಬರ್ ಕೂಲಿ ಲೆಕ್ಕದ ಪುಸ್ತಕದಲ್ಲಿ ವರ್ಷಗಟ್ಟಲೆ ದಾಖಲಾಗುತ್ತಾ ಬಂದಿತ್ತು. ಅಲ್ಲಿ ಕೂಲಿ ಬಟವಾಡೆ ಆಗಬೇಕಿತ್ತು, ಆದ್ದರಿಂದ ಬರೆದರು. ದುಡ್ಡು ಓಡಾಡಿದ ಕಡೆ ಜನ ಬರೆದಿಡುತ್ತಾರೆ. ಪ್ರೀತಿ ಇದ್ದ ಕಡೆ "ಗೊತ್ತಿದೆಯಲ್ಲ" ಎಂದು ಬಿಟ್ಟುಬಿಡುತ್ತಾರೆ. ನಾವು ಬಿಟ್ಟುಬಿಟ್ಟಿದ್ದೆವು.

ದಾರಿ ತೋರಿಸಿದ್ದು ಅಲ್ಲಿ ಹಣ್ಣು ಕೊಯ್ಯುತ್ತಿದ್ದ ಒಬ್ಬ ಅಜ್ಜಿ. ಅವರ ತಂದೆಯೂ ಅದೇ ತೋಟದಲ್ಲಿ ಕೆಲಸ ಮಾಡಿದವರಂತೆ. "ಬಾ ಮಗಾ, ಇಲ್ಲಿ ಕಾಲಿಡಬೇಡ, ಆ ಕಡೆಯಿಂದ ಬಾ" ಎಂದು ನನ್ನ ಕೈ ಹಿಡಿದು ಸುತ್ತಿಸಿಕೊಂಡು ಹೋದರು. ಒಂದು ಗೋಸಂಪಿಗೆ ಮರ, ಅದರ ಬುಡದಲ್ಲಿ ತರಗೆಲೆ. ಎಲೆ ಸರಿಸಿದಾಗ ಕಲ್ಲುಗಳು ಕಂಡವು, ಎರಡು ಖಬರ್‌ಗಳು. ಸುತ್ತ ಎಲ್ಲ ಕಡೆ ಕಾಫಿ ಗಿಡ, ಅಷ್ಟು ಜಾಗದಲ್ಲಿ ಮಾತ್ರ ಗಿಡ ಇಲ್ಲ. "ನಮ್ಮಪ್ಪ ಹೇಳೋರು, ಸಾಬ್ರು ಮಲಗವ್ರೆ, ಗುಂಡಿ ತೆಗೀಬೇಡಿ ಅಂತ. ನಾವೂ ತೆಗೀಲಿಲ್ಲ" ಎಂದರು ಅಜ್ಜಿ. ತೋಟದ ಯಜಮಾನರು ಬದಲಾದರು, ನಾವು ಮರೆತೆವು. ನಮ್ಮ ಧರ್ಮದವರಲ್ಲದ, ನಮ್ಮ ಪರಿಚಯವೂ ಇಲ್ಲದ ಕೂಲಿಯವರು ಒಬ್ಬರಿಂದ ಒಬ್ಬರಿಗೆ ಹೇಳುತ್ತಾ ಆ ಜಾಗವನ್ನು ಕಾದಿದ್ದರು. ಅಬ್ಬಾ ಅಲ್ಲೇ ನಿಂತು ದುಆ ಮಾಡಿದರು. ಚಾಚಾ ಆಚೆ ಮುಖ ಮಾಡಿಕೊಂಡು ಕಣ್ಣು ಒರೆಸಿಕೊಂಡರು.

ಒಂದು ಪರದಾದಾರದ್ದು. ಎರಡನೆಯದು ಯಾರದ್ದು? ಮನೆಗೆ ಬಂದು ದಾದಿಯನ್ನು ಕೇಳಿದೆ. ಅದು ಪರದಾದಾರ ಮೊದಲ ಹೆಂಡತಿಯದಂತೆ. ಹೆರಿಗೆಯಲ್ಲಿ ತೀರಿಕೊಂಡರು. ಅವರಿಗಾಗಿಯೇ ಆಗಿನ ಯಜಮಾನರು ಮೊದಲು ಆ ಮೂಲೆ ಕೊಟ್ಟದ್ದು. ಅವರ ಹೆಸರೇನು ಎಂದು ಕೇಳಿದೆ. ದಾದಿ ಬಹಳ ಹೊತ್ತು ಯೋಚಿಸಿದರು. "ನಮ್ಮ ಅತ್ತೆ ಅವರನ್ನು 'ಪೆಹಲೇವಾಲಿ' ಅಂತಿದ್ದರು. ಹೆಸರು ನಾನು ಕೇಳಲಿಲ್ಲ" ಎಂದರು. ಪೆಹಲೇವಾಲಿ ಎಂದರೆ ಮೊದಲನೆಯವಳು. ಈಗ ಕೇಳಲು ಯಾರೂ ಉಳಿದಿಲ್ಲ. ಅವರ ಖಬರ್ ಸಿಕ್ಕಿತು, ಹೆಸರು ಹೋಯಿತು. ಪರದಾದಾರನ್ನು ಹುಡುಕಲು ನಾವು ತಡ ಮಾಡಿದೆವು, ಆದರೂ ಸಿಕ್ಕರು. ಆ ತಾಯಿಯ ವಿಷಯದಲ್ಲಿ ತಡ ಎಂದರೆ ತಡವೇ.

ಈಗ ನನ್ನ ಅಭಿಪ್ರಾಯಕ್ಕೆ ಬರುತ್ತೇನೆ. ಖಬರ್ ಸರಳವಾಗಿರಬೇಕು ಎಂಬುದನ್ನು ನಾನು ಪೂರ್ತಿ ಒಪ್ಪುತ್ತೇನೆ. ಖಬರ್‌ಗೆ ಗಾರೆ ಹಾಕುವುದನ್ನೂ ಅದರ ಮೇಲೆ ಕಟ್ಟಡ ಕಟ್ಟುವುದನ್ನೂ ತಡೆಯುವ ಹದೀಸ್ ನಮಗೆಲ್ಲ ಗೊತ್ತು. ಆದರೆ ಸರಳವಾಗಿರುವುದು ಬೇರೆ, ಗುರುತೇ ಇಲ್ಲದಿರುವುದು ಬೇರೆ. ಹಝ್ರತ್ ಉಸ್ಮಾನ್ ಬಿನ್ ಮಝ್‌ಊನ್ (ರ) ತೀರಿಕೊಂಡಾಗ ಪ್ರವಾದಿಯವರು (ಸ) ಒಂದು ಕಲ್ಲು ತರಲು ಹೇಳಿದರು. ಹೋದವರಿಂದ ಎತ್ತಲಾಗದಿದ್ದಾಗ ತಾವೇ ತೋಳು ಮಡಚಿ ಹೊತ್ತು ತಂದು ಖಬರ್‌ನ ತಲೆಯ ಬಳಿ ಇಟ್ಟರು. ತಮ್ಮ ಸಹೋದರನ ಖಬರ್ ಗುರುತು ಸಿಗಲಿ, ಮುಂದೆ ಮನೆಯವರನ್ನು ಅದರ ಹತ್ತಿರ ದಫನ್ ಮಾಡಬಹುದು ಎಂಬುದು ಅದರ ಉದ್ದೇಶ. ಈ ವಿಷಯ ಅಬೂ ದಾವೂದ್ ಹದೀಸ್ ಸಂಗ್ರಹದಲ್ಲಿದೆ. ಒಂದು ಸಾದಾ ಕಲ್ಲು, ಒಂದು ಸ್ಪಷ್ಟ ಉದ್ದೇಶ. ಅಬ್ಬಾ ಹೇಳಿದ ಮೊದಲ ಕಾರಣಕ್ಕೆ ನನ್ನ ಉತ್ತರ ಇಷ್ಟೇ. ದುಆಗೆ ವಿಳಾಸ ಬೇಡ, ನಿಜ. ವಿಳಾಸ ಬೇಕಾಗಿರುವುದು ಬದುಕಿರುವ ನಮಗೆ.

ಬೇರೆಯವರು ಇದನ್ನು ಹೇಗೆ ಮಾಡಿದ್ದಾರೆ ನೋಡಿ. ನಮ್ಮದೇ ಮೂಡಿಗೆರೆ ತಾಲ್ಲೂಕಿನ ಅಂಗಡಿ ಗ್ರಾಮದಲ್ಲಿ ಸುಮಾರು ಸಾವಿರ ವರ್ಷಗಳ ಹಿಂದೆ ತೀರಿಕೊಂಡ ಜೈನ ಮುನಿಯೊಬ್ಬರ ನೆನಪಿಗೆ ಕೆತ್ತಿದ ಶಾಸನ ಇದೆ. ಬಿ. ಎಲ್. ರೈಸ್ ಅವರು ಈ ಭಾಗದ ಶಾಸನಗಳನ್ನು ಸಂಗ್ರಹಿಸಿ 1901ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಆರನೇ ಸಂಪುಟವಾಗಿ ಪ್ರಕಟಿಸಿದರು. ಸಾವಿರ ವರ್ಷದ ಹಿಂದಿನವರ ಹೆಸರು ಓದಬಹುದು, ಐವತ್ತೈದು ವರ್ಷದ ಹಿಂದಿನ ನಮ್ಮವರ ಹೆಸರು ಹುಡುಕಬೇಕು. ಭಾರತದಲ್ಲಿ ಸತ್ತ ಬ್ರಿಟಿಷರ ಗೋರಿಗಳನ್ನು ಪಟ್ಟಿ ಮಾಡಲೆಂದೇ 1976ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಸಂಘ ಶುರುವಾಯಿತು. ಅದು ಇಂದಿಗೂ ಕಲ್ಲಿನ ಮೇಲಿನ ಬರಹಗಳನ್ನು ದಾಖಲಿಸುತ್ತಿದೆ. ತೋಟದ ದೊರೆಗಳ ಗೋರಿ ಹುಡುಕಲು ಸಮುದ್ರದಾಚೆ ಜನ ಇದ್ದಾರೆ. ಅವರ ಗಾಡಿ ಹೊಡೆದವರ ಖಬರ್ ಹುಡುಕಲು ನಮ್ಮನ್ನು ಬಿಟ್ಟರೆ ಯಾರೂ ಇಲ್ಲ.

2025ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಉಮೀದ್ ಪೋರ್ಟಲ್ ಆರಂಭಿಸಿ ವಕ್ಫ್ ಆಸ್ತಿಗಳ ವಿವರ ಸೇರಿಸಲು ಆರು ತಿಂಗಳ ಗಡುವು ಕೊಟ್ಟಾಗ, ಮಸೀದಿ ಕಮಿಟಿಯ ಹಿರಿಯರು ಹಳೆಯ ಕಾಗದಕ್ಕಾಗಿ ಓಡಾಡಿದ್ದನ್ನು ನಾವೆಲ್ಲ ನೋಡಿದ್ದೇವೆ. ಆ ಕಾಯ್ದೆಯ ಚರ್ಚೆ ಇಲ್ಲಿ ಬೇಡ. ನನಗೆ ಕಂಡ ಪಾಠ ಒಂದೇ. ಬೇಕಾದ ದಿನ ಕಾಗದ ಹುಟ್ಟುವುದಿಲ್ಲ, ಅದು ಮೊದಲೇ ಇರಬೇಕು. ಆದರೆ ನಾನು ಹೇಳುತ್ತಿರುವ ಪಟ್ಟಿ ಯಾವ ಪೋರ್ಟಲ್‌ಗೂ ಸಲ್ಲ, ಯಾರ ಜಮೀನಿನ ಮೇಲೂ ಹಕ್ಕು ಹೇಳುವುದಕ್ಕಲ್ಲ. ಅದನ್ನು ಪುಸ್ತಕದ ಮೊದಲ ಪುಟದಲ್ಲೇ ಬರೆದುಬಿಡಿ. ಅಬ್ಬಾರ ಎರಡನೇ ಭಯಕ್ಕೆ ನನಗೆ ತೋಚಿದ ಉತ್ತರ ಇದು. ಗೇಟಿನಲ್ಲಿ ನಿಂತು ಸತ್ಯ ಹೇಳಿ ಕೇಳಿದರೆ ಕಾಫಿ ಕೊಟ್ಟು ದಾರಿ ತೋರಿಸುವ ಜನ ನಮ್ಮೂರಲ್ಲಿ ಇದ್ದಾರೆ. ನಾವು ಕೇಳದೇ ಇದ್ದರೆ ಅದು ನಮಗೆ ಗೊತ್ತಾಗುವುದೇ ಇಲ್ಲ.

ಇದಕ್ಕೆ ದೊಡ್ಡ ಖರ್ಚು ಇಲ್ಲ. ಇಪ್ಪತ್ತು ರೂಪಾಯಿಯ ಒಂದು ನೋಟ್‌ಬುಕ್ ಸಾಕು. ನಾನು ಐದು ಕಾಲಂ ಹಾಕಿದ್ದೇನೆ:

1. ಪೂರ್ತಿ ಹೆಸರು. ಹೆಂಗಸರಾದರೆ ಅವರ ಸ್ವಂತ ಹೆಸರು. 'ಇಂಥವರ ಹೆಂಡತಿ', 'ಇಂಥವರ ತಾಯಿ' ಎಂದಲ್ಲ.

2. ತಂದೆ ಮತ್ತು ತಾಯಿಯ ಹೆಸರು.

3. ತೀರಿಕೊಂಡ ವರ್ಷ. ವರ್ಷ ಗೊತ್ತಿಲ್ಲದಿದ್ದರೆ ಯಾರ ಮದುವೆಯ ನಂತರ, ಯಾವ ಮಳೆಗಾಲ ಎಂದಾದರೂ ಬರೆಯಿರಿ.

4. ಜಾಗ. ಊರು, ಖಬರಸ್ತಾನ ಅಥವಾ ತೋಟ, ಸರ್ವೆ ನಂಬರ್, ಹತ್ತಿರದ ಮರ, ಬಂಡೆ ಅಥವಾ ಬಾವಿ. ಮೊಬೈಲಿನ ಲೊಕೇಶನ್ ಕೂಡ ಬರೆದುಕೊಳ್ಳಿ, ಮರ ಬೀಳಬಹುದು.

5. ಹೇಳಿದವರು ಯಾರು, ಯಾವ ದಿನ ಹೇಳಿದರು. ಅಕೌಂಟೆನ್ಸಿಯಲ್ಲಿ ವೋಚರ್ ಇಲ್ಲದೆ ಎಂಟ್ರಿ ಇಲ್ಲ ಎಂದು ಕಲಿತಿದ್ದೇವಲ್ಲ, ಇದು ಅದೇ.

ಗೊತ್ತಿಲ್ಲದ್ದನ್ನು ಊಹಿಸಿ ತುಂಬಬೇಡಿ, ಖಾಲಿ ಬಿಡಿ. ಪುಸ್ತಕದ ಒಂದು ಪ್ರತಿ ಮನೆಯಲ್ಲಿರಲಿ, ಇನ್ನೊಂದನ್ನು ನಿಮ್ಮ ಜಮಾಅತ್‌ಗೆ ಕೊಡಿ. ನಮ್ಮ ಕಾಲೇಜಿನಲ್ಲಿ ಸುತ್ತಲ ಎಷ್ಟೋ ಊರುಗಳಿಂದ ಬಂದವರಿದ್ದೇವೆ. ಉರ್ದು ಮಾತಾಡುವವರು, ಬ್ಯಾರಿ ಮಾತಾಡುವವರು, ಕನ್ನಡ ಮನೆಮಾತಿನವರು ಎಲ್ಲರೂ ಇದ್ದೇವೆ. ಬೇಸಿಗೆ ರಜೆಯಲ್ಲಿ ಪ್ರತಿಯೊಬ್ಬರೂ ಒಂದು ಪುಟ ತುಂಬಿ ತಂದರೆ ಯಾವ ಇಲಾಖೆಯಲ್ಲೂ ಇಲ್ಲದ ದಾಖಲೆ ನಮ್ಮಲ್ಲಿರುತ್ತದೆ. ಇದನ್ನು ಒಂದು ಪ್ರಾಜೆಕ್ಟ್ ಆಗಿ ಮಾಡಿಸಬಹುದೇ ಎಂದು ನಮ್ಮ ಉಪನ್ಯಾಸಕರನ್ನು ಕೇಳಿಕೊಳ್ಳುತ್ತೇನೆ. ಅಂಕ ಕೊಡದಿದ್ದರೂ ಪರವಾಗಿಲ್ಲ.

ಹೆಂಗಸರು ಖಬರಸ್ತಾನಕ್ಕೆ ಹೋಗಬಹುದೇ, ಬಾರದೇ ಎಂಬುದನ್ನು ಉಲಮಾಗಳು ಹೇಳಲಿ. ಆದರೆ ನನ್ನ ಗೆಳತಿಯರಿಗೆ ಒಂದು ಮಾತು. ನಮ್ಮ ಮನೆಯಲ್ಲಿ ದಾರಿ ನೆನಪಿಟ್ಟುಕೊಂಡದ್ದು ಹಿಂಬಾಗಿಲಲ್ಲಿ ನಿಂತಿದ್ದ ಒಬ್ಬ ಹೆಂಗಸು. ಹೆಸರು ಕಳೆದುಕೊಂಡದ್ದೂ ಒಬ್ಬ ಹೆಂಗಸು. ಕೇಳಿ ಬರೆದಿಡುವ ಕೆಲಸಕ್ಕೆ ಯಾರ ಅಡ್ಡಿಯೂ ಇಲ್ಲ.

ನಮ್ಮ ಮನೆಯ ಪುಸ್ತಕದಲ್ಲಿ ಈಗ ಹನ್ನೊಂದು ಸಾಲುಗಳಾಗಿವೆ. ಎರಡನೇ ಸಾಲಿನ ಮೊದಲ ಕಾಲಂ ಖಾಲಿ ಇದೆ. ಅದು ಖಾಲಿಯೇ ಇರುತ್ತದೆ. ಬರೆದದ್ದನ್ನೆಲ್ಲ ದಾದಿಗೆ ಓದಿ ಹೇಳಿದಾಗ ಅವರು ಎಲ್ಲ ಕೇಳಿ, ತಮ್ಮ ಪೂರ್ತಿ ಹೆಸರು, ತಮ್ಮ ತಾಯಿಯ ಹೆಸರು, ತಾಯಿಯ ತಾಯಿಯ ಹೆಸರು ಮೂರನ್ನೂ ನಿಧಾನವಾಗಿ ಹೇಳಿ, "ಸರಿಯಾಗಿ ಬರೆದುಕೋ" ಎಂದರು. ತಾಯಿಯ ತಾಯಿಯ ಹೆಸರನ್ನು ನಾನಷ್ಟೇ ಅಲ್ಲ, ಅಬ್ಬಾ ಕೂಡ ಕೇಳಿದ್ದು ಅದೇ ಮೊದಲು.

ನಿಮ್ಮ ಮನೆಯಲ್ಲೂ ಹೀಗೆ ಹೇಳಲು ಯಾರಾದರೂ ಇದ್ದರೆ ಈ ಭಾನುವಾರವೇ ಹೋಗಿ ಕೇಳಿ. ಪರೀಕ್ಷೆ ಮುಗಿಯಲಿ ಎಂದು ಕಾಯಬೇಡಿ.